ಒಳ್ಳೆಯ ನೆರೆಹೊರೆ

ಪ್ರೀತಿಯ ಪುಟ್ಟಿ,

ಹೊಸ ಮನೆಗೆ ಕಪಾಟು ಬಂದ ಸುದ್ದಿ ಓದಿ ಸಂತೋಷವಾಯಿತು. ಪುಸ್ತಕಗಳನ್ನು ಲೇಖಕರ ಹೆಸರಿನ ಅಕಾರಾದಿಯಲ್ಲಿ ಇಡಲೇ, ಬಣ್ಣ ನೋಡಿ ಇಡಲೇ ಎಂದು ಕೇಳಿದ್ದೀಯೆ. ಬಣ್ಣದ ಜೋಡಣೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಹೆಸರು ಮರೆತರೂ ಹಳದಿ ರಟ್ಟಿನದು ಎಂಬುದು ನೆನಪಿರುತ್ತದಲ್ಲ! ಹದಿನೇಳನೇ ಶತಮಾನದ ಇಂಗ್ಲೆಂಡಿನ ದಿನಚರಿಕಾರ ಸ್ಯಾಮ್ಯುಯೆಲ್ ಪೀಪ್ಸ್ ಅವರ 3,000 ಪುಸ್ತಕಗಳು ಎತ್ತರದ ಪ್ರಕಾರ ನಿಂತಿವೆ: ಅತಿ ಚಿಕ್ಕದರ ಸಂಖ್ಯೆ 1, ಅತಿ ದೊಡ್ಡದರದು 3,000. ಸಾಲಿನಲ್ಲಿ ಗಿಡ್ಡವೆನಿಸಿದ ಪುಸ್ತಕಗಳ ಅಡಿಗೆ, ಅವುಗಳ ಬೆನ್ನಿಗೆ ಹೊಂದುವಂತೆ ಅಲಂಕರಿಸಿದ ಮರದ ತುಂಡುಗಳನ್ನು ಇಡಿಸಿದ್ದರು. ಕೇಂಬ್ರಿಡ್ಜಿನ ಮಾಡ್ಲಿನ್ ಕಾಲೇಜಿನಲ್ಲಿ ಇಂದಿಗೂ ಅದೇ ಕ್ರಮವಿದೆ.

ಆದರೆ ನನ್ನ ಮನಸ್ಸಿಗೆ ಹಿಡಿಸಿದ್ದು ಜರ್ಮನಿಯ ಹ್ಯಾಂಬರ್ಗಿನ ಕಲಾ ಇತಿಹಾಸಕಾರ ಆಬಿ ವಾರ್ಬರ್ಗ್ ಅವರ ದಾರಿ. ಶ್ರೀಮಂತ ಬ್ಯಾಂಕ್ ಮನೆತನದ ಹಿರಿಯ ಮಗ ಅವರು. ಬೇಕಾದ ಪುಸ್ತಕವನ್ನೆಲ್ಲ ಕೊಡಿಸುವೆನೆಂದು ತಾನು ಕೊಟ್ಟ ಮಾತಿಗೆ ಅಣ್ಣ ಹಿರಿಯ ಮಗನ ಹಕ್ಕನ್ನೇ ತನಗೆ ಬಿಟ್ಟುಕೊಟ್ಟರೆಂದು ಅವರ ತಮ್ಮ ಮ್ಯಾಕ್ಸ್ ಹೇಳುತ್ತಿದ್ದರು. ವಾರ್ಬರ್ಗ್ ಕಟ್ಟಿದ ಗ್ರಂಥಾಲಯದ ನಿಯಮ ಒಂದೇ, ಒಳ್ಳೆಯ ನೆರೆಹೊರೆ. ನಾವು ಹುಡುಕಿಕೊಂಡು ಹೋದ ಪುಸ್ತಕಕ್ಕಿಂತ, ನಮಗೆ ಗೊತ್ತೇ ಇರದ ಅದರ ಪಕ್ಕದ ಪುಸ್ತಕವೇ ಹೆಚ್ಚು ಕೆಲಸಕ್ಕೆ ಬರಬಹುದು ಎಂಬುದು ಅವರ ನಂಬಿಕೆ. ಹಾಗಾಗಿ ಖಗೋಳಶಾಸ್ತ್ರದ ಆಸುಪಾಸಿನಲ್ಲೇ ಜ್ಯೋತಿಷ್ಯ, ಮಾಟಮಂತ್ರಗಳಿಗೂ ಜಾಗ. ಹೊಸ ಯೋಚನೆ ಬಂದಾಗಲೆಲ್ಲ ಪುಸ್ತಕಗಳ ಜಾಗ ಬದಲಾಗುತ್ತಿತ್ತು. ಅವರು 1929ರಲ್ಲಿ ತೀರಿಕೊಂಡರು. ನಾಜಿಗಳು ಅಧಿಕಾರಕ್ಕೆ ಬಂದ 1933ರ ಕೊನೆಯಲ್ಲಿ ಸುಮಾರು 60,000 ಪುಸ್ತಕಗಳು ಹಡಗೇರಿ ಲಂಡನ್ ಸೇರಿದವು. ಅಲ್ಲಿ ಈಗಲೂ ಚಿತ್ರಕ್ಕೊಂದು, ಮಾತಿಗೊಂದು, ನಂಬಿಕೆ–ವಿಜ್ಞಾನಗಳಿಗೊಂದು, ಮನುಷ್ಯರ ನಡೆಗೊಂದು ವಿಭಾಗವಿದೆ. ಓದುಗರು ತಾವೇ ಕಪಾಟುಗಳ ನಡುವೆ ಅಡ್ಡಾಡಬಹುದು.

ನೆರೆಹೊರೆಯ ಈ ಚಿಂತೆ ನಮ್ಮವರಿಗೂ ಇತ್ತು. 1962ರಲ್ಲಿ ಬೆಂಗಳೂರಿನಲ್ಲಿ ಗ್ರಂಥಾಲಯ ವಿಜ್ಞಾನದ ಸಂಶೋಧನಾ ಕೇಂದ್ರವನ್ನು ಸ್ಥಾಪಿಸಿದ ಎಸ್. ಆರ್. ರಂಗನಾಥನ್ ಅವರ ಲೆಕ್ಕದಲ್ಲಿ, ಓದುಗನಿಗೆ ಬೇಕಾದ ವಿಷಯ ನಡುವೆ ಇರಬೇಕು, ನಂಟಿನ ವಿಷಯಗಳು ಅದರ ಎರಡೂ ಬದಿಗೆ, ಸಂಬಂಧವಿಲ್ಲದವು ಆಚೆಗೆ.

ಆದ್ದರಿಂದ ಕನ್ನಡದ ಪುಸ್ತಕಗಳಿಗೆ ಒಂದು ಸಾಲು, ಇಂಗ್ಲಿಷಿನವಕ್ಕೆ ಇನ್ನೊಂದು ಎಂದು ಮಾತ್ರ ಮಾಡಬೇಡ. ನಮ್ಮಲ್ಲಿ ಬಹಳ ಮನೆಗಳಲ್ಲಿ ಹೀಗೆಯೇ ಇರುತ್ತದೆ. ಕಂಡಾಗಲೆಲ್ಲ ನನಗೆ ಕಸಿವಿಸಿ. ನಿನ್ನ ಸಸ್ಯಶಾಸ್ತ್ರದ ದಪ್ಪ ಪಠ್ಯಪುಸ್ತಕದ ಪಕ್ಕದಲ್ಲಿ ಅಜ್ಜಿ ಮನೆಮದ್ದು ಬರೆದಿಟ್ಟ ನೋಟ್‌ಬುಕ್ ಇಡು. ಒಂದೆಲಗದ ಬಗ್ಗೆ ಎರಡರಲ್ಲೂ ಇದೆ. ಒಂದರಲ್ಲಿ ಎಲೆಯ ಅಡ್ಡಕೊಯ್ತದ ಚಿತ್ರ, ಇನ್ನೊಂದರಲ್ಲಿ ತಂಬುಳಿಯ ಅಳತೆ. ಪಂಚಾಂಗವನ್ನು ದೇವರ ಮನೆಯಿಂದ ತಂದು ನಕ್ಷತ್ರ ವೀಕ್ಷಣೆಯ ಪುಸ್ತಕದ ಜೊತೆ ಸೇರಿಸು. ಕವಿತೆಗಳನ್ನು ಎಲ್ಲಿಡುವೆಯೋ ನಿನಗೆ ಬಿಟ್ಟಿದ್ದು.

ಸಾಲುಗಳನ್ನು ಒತ್ತೊತ್ತಾಗಿ ತುಂಬಬೇಡ. ಜಾಗ ಬದಲಿಸಲು ಸಲೀಸಾಗಿರಲಿ. ಇಲ್ಲಿ ಉಳಿದಿರುವ ನಿಘಂಟಿನ ಸಂಪುಟಗಳನ್ನು ಯುಗಾದಿಗೆ ಬರುವಾಗ ತರುತ್ತೇನೆ.

ನಿನ್ನ,
ಅಪ್ಪ