ಮುತ್ತಾತನ ಹೆಸರು ಹುಡುಕಲು ಕಂದಾಯದ ಕಡತ ತೆರೆಯಿರಿ

ಮಾನ್ಯ ಸಂಪಾದಕರೇ,

2027ರ ಜನಗಣತಿಯ ಮಾತು ಶುರುವಾದ ಮೇಲೆ ‘1931ರ ಗಣತಿಯಲ್ಲಿ ನಮ್ಮ ಮುತ್ತಾತನ ಹೆಸರು ಸಿಗುತ್ತದೆಯೇ’ ಎಂದು ಕೇಳುವವರಿದ್ದಾರೆ. ಸಿಗುವುದಿಲ್ಲ. ಎಣಿಕೆದಾರರು ಮನೆಮನೆಯಲ್ಲಿ ತುಂಬಿದ ಹಾಳೆಗಳನ್ನು ಕೋಷ್ಟಕ ಕಟ್ಟಿದ ಮೇಲೆ ಕಾಪಾಡಿಕೊಳ್ಳುವ ಪದ್ಧತಿ ನಮ್ಮಲ್ಲಿರಲಿಲ್ಲ. 1948ರ ಜನಗಣತಿ ಕಾಯ್ದೆಯ 15ನೇ ಕಲಮಿನ ಪ್ರಕಾರ ಗಣತಿ ದಾಖಲೆಯನ್ನು ಯಾರೂ ಪರಿಶೀಲನೆಗೆ ಕೇಳುವಂತಿಲ್ಲ. ಅಚ್ಚಾಗಿ ಉಳಿದಿರುವುದು ಊರುಗಳ, ಜಾತಿಗಳ, ಕಸುಬುಗಳ ಮೊತ್ತ ಮಾತ್ರ.

ಆ ಮೊತ್ತಕ್ಕೂ ಒಂದು ಉಪಯೋಗವಿದೆ. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರಲ್ಲಿ 50,55,412 ಇದ್ದದ್ದು 1881ಕ್ಕೆ 41,86,188ಕ್ಕೆ ಇಳಿಯಿತು. ನಡುವೆ ಬಂದದ್ದು ಧಾತು, ಈಶ್ವರ ಸಂವತ್ಸರಗಳ ಬರ. ಕೋಲಾರ, ತುಮಕೂರು ಸೀಮೆಯ ಎಷ್ಟೋ ಮನೆತನಗಳ ಎಳೆ ಕಡಿಯುವುದು ಇಲ್ಲೇ. ‘ನಮ್ಮ ಹಿರೀಕರು ಇಂಥ ಊರಿನಿಂದ ಬಂದವರು’ ಎಂದು ಮನೆಯಲ್ಲಿ ಹೇಳುತ್ತಾರೆ, ಆ ಹೆಸರಿನ ಊರು ಎಲ್ಲೂ ಕಾಣುವುದಿಲ್ಲ. ಅಂಥಾಗ ತಾಲ್ಲೂಕಿನ ಬೇಚರಾಕು ಗ್ರಾಮಗಳ ಪಟ್ಟಿ ನೋಡಬೇಕು. ಜನ ಬಿಟ್ಟುಹೋದ ಊರು ಕಂದಾಯದ ಲೆಕ್ಕದಲ್ಲಿ ಹೆಸರು, ಗಡಿ, ಸರ್ವೆ ನಂಬರುಗಳ ಸಮೇತ ಇನ್ನೂ ಬದುಕಿರುತ್ತದೆ.

ವ್ಯಕ್ತಿಯ ಹೆಸರು ಬೇಕೆಂದರೆ ಜಮೀನಿನ ಜಾಡು ಹಿಡಿಯಬೇಕು. ಇಂದಿನ ಪಹಣಿಯಿಂದ ಹಿಂದಕ್ಕೆ ಹೋಗಿ. 9ನೇ ಕಾಲಂನಲ್ಲಿ ಖಾತೆದಾರರ ಹೆಸರು, 10ನೇ ಕಾಲಂನಲ್ಲಿ ಅದು ಹೇಗೆ ಬಂತೆಂಬ ವಿವರ ಮತ್ತು ಮ್ಯುಟೇಶನ್ (ಖಾತೆ ಬದಲಾವಣೆ) ಸಂಖ್ಯೆ ಇರುತ್ತದೆ. ಆ ಸಂಖ್ಯೆ ಹಿಡಿದು ಮ್ಯುಟೇಶನ್ ನಕಲು ತೆಗೆಸಿದರೆ ಪೌತಿಯೋ (ಖಾತೆದಾರ ತೀರಿಕೊಂಡು ವಾರಸುದಾರರಿಗೆ ಬಂದದ್ದೋ), ವಿಭಾಗವೋ, ಕ್ರಯವೋ ತಿಳಿಯುತ್ತದೆ. ಕಂಪ್ಯೂಟರಿಗೂ ಹಿಂದಿನದು ಕೈಬರಹದ ಪಹಣಿ. ಅದಕ್ಕೂ ಹಿಂದೆ ಆರ್‌ಆರ್ (ಹಕ್ಕು ದಾಖಲೆ), ಐಎಲ್ (ಜಮೀನುಗಳ ಸೂಚಿ), ಕೊನೆಗೆ ಮೂಲ ಸರ್ವೆಯ ಖೇತ್ವಾರು ಎಂಬ ಹೊಲವಾರು ಪಟ್ಟಿ. ಟಿಪ್ಪಣಿ (ಹೊಲದ ಅಳತೆಯ ದಾಖಲೆ), ಆಕಾರಬಂದ್ (ವಿಸ್ತೀರ್ಣ ಮತ್ತು ಕಂದಾಯದ ಪಟ್ಟಿ) ಬೇಕಾದರೆ ಭೂಮಾಪನ ಇಲಾಖೆಯ ಕಚೇರಿಗೆ ಅರ್ಜಿ ಕೊಡಬೇಕು. ಮೈಸೂರಿನಲ್ಲಿ ಕಂದಾಯ ಸರ್ವೆ ಶುರುವಾದದ್ದು 1863ರಲ್ಲಿ. ಆದ್ದರಿಂದ ಅದೃಷ್ಟವಿದ್ದರೆ ಐದಾರು ತಲೆಮಾರಿನವರೆಗೆ ಹೋಗಬಹುದು. ಅರ್ಜಿಯಲ್ಲಿ ‘ಹಳೆಯ ದಾಖಲೆ ಕೊಡಿ’ ಎಂದಷ್ಟೇ ಬರೆದರೆ ‘ಲಭ್ಯವಿಲ್ಲ’ ಎಂಬ ಹಿಂಬರಹ ಬರುತ್ತದೆ. ಗ್ರಾಮ, ಹೋಬಳಿ, ಸರ್ವೆ ನಂಬರ್, ದಾಖಲೆಯ ಹೆಸರು, ಇಂತಿಂಥ ವರ್ಷದಿಂದ ವರ್ಷದವರೆಗೆ ಎಂದು ಬಿಡಿಸಿ ಬರೆಯಿರಿ. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದದ್ದು 2007ರಲ್ಲಿ, ಹಾಗಾಗಿ ಅದಕ್ಕೂ ಹಿಂದಿನ ಜಿಲ್ಲಾ ಮಟ್ಟದ ಕಡತಕ್ಕೆ ಕೋಲಾರದಲ್ಲೂ ವಿಚಾರಿಸಬೇಕು.

47/2ಎ ಎಂಬ ನಂಬರನ್ನು ಹಾಗೇ ಹಿಂದೆ ಹುಡುಕಿದರೆ ದಾರಿ ತಪ್ಪುತ್ತದೆ. ಹಿಸ್ಸಾ ಆಗುವ, ಅಂದರೆ ಪಾಲಾಗಿ ಒಡೆಯುವ ಮುಂಚೆ ಅದು ಬರೀ 47. ಆ ನಂಬರಿನ ಎಲ್ಲ ಹಿಸ್ಸಾಗಳ ಪಹಣಿಯನ್ನೂ ಒಟ್ಟಿಗೆ ಇಟ್ಟುಕೊಂಡು ವಿಸ್ತೀರ್ಣ, ಆಕಾರ (ಜಮೀನಿಗೆ ಕಟ್ಟಿದ ಕಂದಾಯ) ಎರಡನ್ನೂ ಕೂಡಿಸಿ ನೋಡಬೇಕು. ಸಂಬಂಧ ಹೊರಬೀಳುವುದು ಈ ಲೆಕ್ಕದಲ್ಲೇ. ಮೂಲ ನಂಬರು 4 ಎಕರೆ 20 ಗುಂಟೆ, ಆಕಾರ 6 ರೂಪಾಯಿ 12 ಆಣೆ ಎಂದುಕೊಳ್ಳಿ. ಮುಂದಿನ ದಾಖಲೆಯಲ್ಲಿ ಮೂವರ ಹೆಸರಿನಲ್ಲಿ ತಲಾ 1 ಎಕರೆ 20 ಗುಂಟೆ, ತಲಾ 2 ರೂಪಾಯಿ 4 ಆಣೆ ಕಂಡರೆ ಅಣ್ಣತಮ್ಮಂದಿರ ಸಮಪಾಲು ಇರಬಹುದು. ಒಬ್ಬರಿಗೆ 2 ಎಕರೆ 10 ಗುಂಟೆ, ಇಬ್ಬರಿಗೆ ತಲಾ 1 ಎಕರೆ 5 ಗುಂಟೆ ಇದ್ದರೆ ಚಿತ್ರ ಬೇರೆ. ಇಬ್ಬರು ಅಣ್ಣತಮ್ಮಂದಿರಲ್ಲಿ ಒಬ್ಬ ತೀರಿಕೊಂಡು ಅವನ ಅರ್ಧ ಅವನ ಇಬ್ಬರು ಮಕ್ಕಳಿಗೆ ಹಂಚಿಹೋಗಿರಬೇಕು. ಅಂದರೆ ಆ ಮೂವರು ಒಬ್ಬ ಚಿಕ್ಕಪ್ಪನೋ ದೊಡ್ಡಪ್ಪನೋ, ಮತ್ತವನ ಅಣ್ಣತಮ್ಮನ ಇಬ್ಬರು ಮಕ್ಕಳು. ವಂಶವೃಕ್ಷವನ್ನು ಯಾರೂ ಬರೆದಿಡದ ಮನೆಗಳಲ್ಲೂ ಗುಂಟೆಗಳು ಅದನ್ನು ಬರೆದಿಟ್ಟಿರುತ್ತವೆ. ಖರಾಬು, ಅಂದರೆ ಸಾಗುವಳಿಗೆ ಬಾರದ ಜಾಗ, ಕಳೆದು ಬರೆದಿದ್ದಾರೋ, ಸೇರಿಸಿ ಬರೆದಿದ್ದಾರೋ ಎಂದು ಮೊದಲು ನೋಡಿಕೊಳ್ಳಿ. ಲೆಕ್ಕ ಕೂಡದಿರಲು ಬಹುಪಾಲು ಅದೇ ಕಾರಣ.

ಪಾಲಿನ ಲೆಕ್ಕದಿಂದ ಹುಟ್ಟುವುದು ಊಹೆ ಮಾತ್ರ, ಅದನ್ನು ಇನ್ನೊಂದು ಕಡೆಯಿಂದ ಗಟ್ಟಿ ಮಾಡಿಕೊಳ್ಳಬೇಕು. ಅದಕ್ಕೆ ಅತ್ಯುತ್ತಮವಾದದ್ದು ಹಳೆಯ ಕ್ರಯಪತ್ರ, ಅಡಮಾನ ಪತ್ರಗಳ ಚಕ್ಕುಬಂದಿ, ಅಂದರೆ ನಾಲ್ಕು ದಿಕ್ಕಿನ ಗಡಿಯ ವಿವರ. ಪೂರ್ವಕ್ಕೆ ಇಂಥವರ ಹೊಲ, ಪಶ್ಚಿಮಕ್ಕೆ ‘ನಮ್ಮ ದಾಯಾದಿ’ ಇಂಥವರ ಹೊಲ ಎಂದು ಸಂಬಂಧವನ್ನೇ ಹೇಳಿಬಿಡುತ್ತದೆ. ಸಾಕ್ಷಿ ಹಾಕಿದವರ ಹೆಸರನ್ನೂ ಬಿಡಬೇಡಿ. ಉಪನೋಂದಣಿ ಕಚೇರಿಯಲ್ಲಿ ಆಸ್ತಿಯ ಸೂಚಿಯಲ್ಲದೆ ಹೆಸರಿನ ಸೂಚಿಯೂ ಬೇರೆ ಇರುತ್ತದೆ. ಸರ್ವೆ ನಂಬರೇ ಗೊತ್ತಿಲ್ಲದವರಿಗೆ ಅದೇ ಬಾಗಿಲು.

ಖಾತೆಯಲ್ಲಿ ‘ಬಿನ್’ ಎಂದರೆ ಇಂಥವರ ಮಗ, ‘ಕೋಂ’ ಎಂದರೆ ಇಂಥವರ ಹೆಂಡತಿ. ಆದರೆ ಹಿಂದಿನ ಖಾತೆದಾರರೆಲ್ಲ ಇಂದಿನವರ ತಂದೆಯೇ ಆಗಿರಬೇಕಿಲ್ಲ. ಬಾಗೇಪಲ್ಲಿ, ಚಿಂತಾಮಣಿ, ಶ್ರೀನಿವಾಸಪುರದ ಕಡೆ ಇಲ್ಲಟಂ ಅಳಿಯನಿಗೆ (ಮನೆ ಅಳಿಯನಿಗೆ) ಮಾವನ ಜಮೀನು ಬಂದಿರುವುದುಂಟು, ದತ್ತು ಹೋದವರೂ ಉಂಟು. ಹಿರಿಯ ಮಗನ ಹೆಸರಿಗೆ ಮಾತ್ರ ಖಾತೆ ಮಾಡಿಸಿ ತಮ್ಮಂದಿರು ಒಟ್ಟಿಗೇ ಉಳಿದ ಮನೆಗಳಲ್ಲಿ ಆ ತಮ್ಮಂದಿರು ದಾಖಲೆಗೇ ಬರುವುದಿಲ್ಲ. ಮೊಮ್ಮಗನಿಗೆ ತಾತನ ಹೆಸರಿಡುವ ನಮ್ಮ ವಾಡಿಕೆಯಿಂದ ‘ವೆಂಕಟಪ್ಪ ಬಿನ್ ಮುನಿಯಪ್ಪ’ ಎಂಬ ಹೆಸರು ಅರವತ್ತು ವರ್ಷದ ಅಂತರದಲ್ಲಿ ಎರಡು ಸಲ ಬರುತ್ತದೆ. ಇಬ್ಬರನ್ನೂ ಒಬ್ಬನೆಂದುಕೊಂಡರೆ ಎರಡು ತಲೆಮಾರು ಮಾಯ. ಕಾಲವನ್ನೂ ಹಾಗೇ ಗಮನಿಸಿ. ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ಮರಳುತ್ತದೆ, ಧಾತು ಎಂದರೆ 1876-77 ಆಗಬಹುದು, 1936-37 ಆಗಬಹುದು. ಪಕ್ಕದಲ್ಲಿ ಶಕವರ್ಷ ಇದ್ದರೆ 78 ಕೂಡಿಸಿ. ಮೊತ್ತ ಆಣೆ, ಪೈಗಳಲ್ಲಿದ್ದರೆ ಅದು 1957ರ ಏಪ್ರಿಲ್‌ಗಿಂತ ಹಿಂದಿನದೆಂದು ಹಿಡಿಯಬಹುದು. ಕನ್ನಡ ಅಂಕಿಯ ೬ ಮತ್ತು ೯ ಶಾನುಭೋಗರ ಓಟದ ಬರಹದಲ್ಲಿ ಒಂದೇ ಥರ ಕಾಣುತ್ತವೆ, ಕೂಡಿಸಿ ನೋಡಿಯೇ ತೀರ್ಮಾನಿಸಬೇಕು.

ಪಾವಗಡ, ಗೌರಿಬಿದನೂರಿನವರ ನೆಂಟಸ್ತಿಕೆ ಮಡಕಶಿರಾ, ಹಿಂದೂಪುರಕ್ಕೆ ಹೋಗುವುದು ಸಹಜ. ಅಲ್ಲಿ ಹಳೆಯ ಮದ್ರಾಸ್ ಪ್ರಾಂತ್ಯದ ಪದ್ಧತಿ, ಪಹಣಿಯ ಜಾಗದಲ್ಲಿ ಅಡಂಗಲ್, ವರ್ಷ ಫಸಲಿ ಎಂಬ ಕಂದಾಯ ವರ್ಷದ ಎಣಿಕೆಯಲ್ಲಿ. ಫಸಲಿಗೆ 590 ಕೂಡಿಸಿದರೆ ಇಸವಿ ಸಿಗುತ್ತದೆ.

ಜಮೀನೇ ಇಲ್ಲದಿದ್ದವರು ಏನು ಮಾಡಬೇಕು? ತೋಟಿ, ತಳವಾರ, ನೀರಗಂಟಿ ಎಂಬ ಊರ ಚಾಕರಿಯ ಕೆಲಸ ವಂಶಪಾರಂಪರ್ಯವಾಗಿತ್ತು. ಹಾಗಾಗಿ ಆ ಚಾಕರಿಗೆ ಕೊಟ್ಟ ಇನಾಂತಿ ಜಮೀನಿನ ಕಡತಗಳಲ್ಲಿ ಯಾರ ನಂತರ ಯಾರು ಎಂಬುದು ಬರುತ್ತದೆ. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆಯಡಿ ಜಮೀನು ಮರುಮಂಜೂರಾದ ಕಡತಗಳಲ್ಲಿ ವಾರಸುದಾರರ ಹೇಳಿಕೆಗಳೂ ಸಿಗುತ್ತವೆ. ಗೇಣಿ ಮಾಡುತ್ತಿದ್ದವರು 1974ರ ಭೂಸುಧಾರಣೆ ತಿದ್ದುಪಡಿಯ ನಂತರ ಜಮೀನಿನ ಹಕ್ಕು ಕೋರಿ ಕೊಟ್ಟ ನಮೂನೆ 7ರ ಅರ್ಜಿಗಳನ್ನು ನೋಡಬೇಕು. ದಲಿತ ಕುಟುಂಬಗಳವರು ಒಂದು ವಿಷಯ ನೆನಪಿಡಬೇಕು: ಶಾಲೆಯ ದಾಖಲಾತಿ ಪುಸ್ತಕದ ‘ಮುನಿಯಪ್ಪ’ನನ್ನು ಹಳೆಯ ಲೆಕ್ಕ ‘ಮುನಿಗ’ ಎಂದು ಬರೆದಿರುತ್ತದೆ. ಅಂದಿನ ಬರಹಗಾರರು ಅಪ್ಪ, ಅಯ್ಯ ಎಂಬ ಗೌರವವನ್ನು ಎಲ್ಲರಿಗೂ ಕೊಡಲಿಲ್ಲ. ಎರಡೂ ರೂಪದಲ್ಲಿ ಹುಡುಕದಿದ್ದರೆ ಆ ಮನುಷ್ಯ ಸಿಗುವುದೇ ಇಲ್ಲ.

ಇಷ್ಟೆಲ್ಲ ಬರೆಯಲು ಕಾರಣ ಇದೆ. ತಾಲ್ಲೂಕು ಕಚೇರಿಗಳ ಹಳೆಯ ದಾಖಲೆಗಳನ್ನು ಸ್ಕ್ಯಾನ್ ಮಾಡುವ ಭೂಸುರಕ್ಷಾ ಯೋಜನೆ ಬಂದಿದೆ. ಇದು ಬಹಳ ಒಳ್ಳೆಯ ಕೆಲಸ. ಆದರೆ ಸರ್ವೆ ನಂಬರಿನ ಸೂಚಿ ಮಾತ್ರ ಮಾಡಿದರೆ ಸ್ವಂತ ಹೊಲವಿಲ್ಲದಿದ್ದವರು ಕಂಪ್ಯೂಟರಿನಲ್ಲೂ ಕಾಣೆಯಾಗುತ್ತಾರೆ. ಮ್ಯುಟೇಶನ್, ಇನಾಂತಿ ಮತ್ತು ನಮೂನೆ 7ರ ಕಡತಗಳಿಗಾದರೂ ಹೆಸರಿನ ಸೂಚಿ ಬೇಕು, ಅದರಲ್ಲಿ ತಂದೆಯ ಅಥವಾ ಗಂಡನ ಹೆಸರೂ ಸೇರಬೇಕು. ಹಕ್ಕಿಗೆ ಸಂಬಂಧವಿಲ್ಲವೆಂದು ಜಮಾಬಂದಿ (ವಾರ್ಷಿಕ ಕಂದಾಯದ ಲೆಕ್ಕ), ಖಿರ್ದಿ (ದಿನದ ಜಮಾ ಲೆಕ್ಕ) ಪುಸ್ತಕಗಳನ್ನು ಪಕ್ಕಕ್ಕೆ ಸರಿಸಬಾರದು. ಹಾಳೆಯ ಹಿಂಬದಿಯನ್ನೂ ಅಂಚಿನ ಷರಾವನ್ನೂ ಕತ್ತರಿಸದೆ ಸ್ಕ್ಯಾನ್ ಮಾಡಬೇಕು, ‘ಸದರಿಯವರು ಫೌತಿ, ಮಗ ಪರಸ್ಥಳದಲ್ಲಿದ್ದಾನೆ’ ಎಂಬಂಥ ಸಾಲು ಇರುವುದು ಅಲ್ಲೇ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಮೂರೂ ಜಿಲ್ಲೆಗಳ ಜಿಲ್ಲಾಧಿಕಾರಿಗಳು ಹಾಳೆಗಳ ಕಟ್ಟು ಬಿಚ್ಚುವ ಮೊದಲೇ ಸಿಬ್ಬಂದಿಗೆ ಈ ಸೂಚನೆ ಕೊಡಬೇಕೆಂದು ಕೋರುತ್ತೇವೆ.

– ಹಳೆಯ ಕಂದಾಯ ದಾಖಲೆಗಳ ಓದುಗರು, ಚಿಂತಾಮಣಿ