ಪೇಟೆ ನಡಿಗೆಯ ದಿನ ಬದಲಾವಣೆಯ ಬಗ್ಗೆ

ಮಾನ್ಯ ಗ್ರಾಹಕರೇ,

ಬೆಂಗಳೂರಿನ ಹಳೆಯ ಪೇಟೆ ಬೀದಿಗಳಲ್ಲಿ ಪ್ರತಿ ಭಾನುವಾರ ನಾವು ನಡೆಸುತ್ತಿದ್ದ ಚರಿತ್ರೆಯ ನಡಿಗೆ ಮುಂದಿನ ತಿಂಗಳಿನಿಂದ ಬುಧವಾರ ಮತ್ತು ಶನಿವಾರ ಬೆಳಗ್ಗೆ 11 ಗಂಟೆಗೆ ನಡೆಯಲಿದ್ದು, ಒಂದು ತಂಡದಲ್ಲಿ 25 ಜನರ ಬದಲು 10 ಜನರಿಗೆ ಮಾತ್ರ ಅವಕಾಶವಿರುತ್ತದೆ. ರಜಾದಿನ ನೋಡಿಕೊಂಡು ಬರುವವರಿಗೆ ಇದರಿಂದ ಆಗುವ ಅನನುಕೂಲದ ಅರಿವು ನಮಗಿದೆ. ಆದ್ದರಿಂದಲೇ ಕಾರಣಗಳನ್ನು ತಿಳಿಸುತ್ತಿದ್ದೇವೆ.

1537ರಲ್ಲಿ ಕೆಂಪೇಗೌಡರು ಕಟ್ಟಿದ ಈ ಪೇಟೆಯಲ್ಲಿ ಬೀದಿಯ ಹೆಸರೇ ಕಸುಬಿನ ಗುರುತು. ಅಕ್ಕಿಪೇಟೆ, ಅರಳೆಪೇಟೆ, ಕುಂಬಾರಪೇಟೆ, ಗಾಣಿಗರಪೇಟೆಗಳ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಭಾನುವಾರ ಸಗಟು ಅಂಗಡಿಗಳು ಬಹುಪಾಲು ಮುಚ್ಚಿರುವುದರಿಂದ, ಎಳೆದ ಷಟರುಗಳ ಮುಂದೆ ನಿಂತು ನಾವು ಹೆಸರುಗಳನ್ನಷ್ಟೇ ಹೇಳುತ್ತಿದ್ದೆವು. ತರಗುಪೇಟೆಯಲ್ಲಿ ವ್ಯಾಪಾರಿಯೊಬ್ಬರು ಮೂಟೆಯ ಬಾಯಿ ಬಿಚ್ಚಿ, ಬೊಗಸೆಯಲ್ಲಿ ಕಾಳು ತೆಗೆದು ಬೆಳಕಿಗೆ ಹಿಡಿದು ನೋಡುವುದನ್ನು ಕಂಡರೆ ಆ ಬೀದಿಯ ಚರಿತ್ರೆ ನಮ್ಮ ಮಾತಿಗಿಂತ ಚೆನ್ನಾಗಿ ತಿಳಿಯುತ್ತದೆ. ಬಳೆಯಿಂದ ಹೆಸರು ಪಡೆದ ಬಳೇಪೇಟೆ ವಾದ್ಯಗಳ ಅಂಗಡಿಗಳಿಗೆ ಹೆಸರಾದ ಬಗೆಯೂ, ಮೃದಂಗದ ಬಾರು ಬಿಗಿಯುವ ಕೈಗಳೆದುರು ನಿಂತಾಗಲೇ ಮನಸ್ಸಿಗೆ ಬರುವ ಸಂಗತಿ.

ಸಂಖ್ಯೆ ಇಳಿಸಿದ್ದು ನಮ್ಮದೇ ತಪ್ಪಿನಿಂದ ಕಲಿತ ಪಾಠದಿಂದ. ದೀಪಾವಳಿಯ ಹಿಂದಿನ ಒಂದು ಭಾನುವಾರ, ಅಂಗಡಿಗಳು ತೆರೆದಿದ್ದ ಚಿಕ್ಕಪೇಟೆಯ ಒಳಗಲ್ಲಿಯೊಂದರಲ್ಲಿ ನಮ್ಮ ತಂಡ ದಾರಿಗಡ್ಡವಾಗಿ ನಿಂತಿತ್ತು. ಬಟ್ಟೆಯ ಗಂಟು ಹೊತ್ತ ಹಮಾಲರೊಬ್ಬರು ನಾವು ಸರಿಯುವವರೆಗೂ ಆ ಭಾರದಲ್ಲೇ ಕಾದರು. ಇಳಿಸಲು ಅಲ್ಲಿ ಜಾಗವಿರಲಿಲ್ಲ. ಆ ಬೀದಿಯನ್ನು ಇಂದಿಗೂ ಪೇಟೆಯಾಗಿ ಉಳಿಸಿರುವವರಿಗೇ ನಾವು ಅಡ್ಡಿಯಾದೆವು ಎಂಬ ನೋವು ನಮಗೆ ಉಳಿದಿದೆ.

ನಡಿಗೆ ಎಂದಿನಂತೆ ದೊಡ್ಡಪೇಟೆ ಮತ್ತು ಚಿಕ್ಕಪೇಟೆ ಕೂಡುವ ಚೌಕದಲ್ಲಿ, ಅಂದರೆ ನಾಲ್ಕು ದಿಕ್ಕಿಗೂ ನೇಗಿಲು ಕಟ್ಟಿದ ಎತ್ತುಗಳನ್ನು ಹೊಡೆದು ಬೀದಿಗಳನ್ನು ಗುರುತಿಸಿದರೆಂದು ಪ್ರತೀತಿಯಿರುವ ಜಾಗದಲ್ಲಿ, ಆರಂಭವಾಗುತ್ತದೆ. (ಅವೆನ್ಯೂ ರಸ್ತೆಯನ್ನು ನಾವು ದೊಡ್ಡಪೇಟೆಯೆಂದೇ ಕರೆಯುತ್ತೇವೆ, ಹೊಸಬರು ಗಮನಿಸಬೇಕು.) ಕೊನೆಯ ನಿಲುಗಡೆ ಕರಗ ಹೊರಡುವ ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಸ್ಥಾನ.

ಶುಲ್ಕ ಹೆಚ್ಚಿಸಿಲ್ಲ. ಮುಂದಿನ ಭಾನುವಾರಗಳಿಗೆ ಈಗಾಗಲೇ ಹಣ ಕಟ್ಟಿದವರು ಬೇರೆ ದಿನ ಆರಿಸಿಕೊಳ್ಳಬಹುದು. ಬಾರದಿದ್ದರೆ ಪೂರ್ತಿ ಹಣ ಹಿಂದಿರುಗಿಸುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಪೇಟೆ ನಡಿಗೆಯ ಬಳಗ