ಪಕ್ಕದ ಕುರ್ಚಿ ಕಾದವರಿಗೆ

ಕಳೆದ ಭಾನುವಾರ ಸಂಜೆ ನಮ್ಮ ಆರ್ಕೆಸ್ಟ್ರಾದ ಕಾರ್ಯಕ್ರಮದಲ್ಲಿ, ಎಂಟು ತಿಂಗಳ ಮೇಲೆ, ಸೆಕೆಂಡ್ ವಯೊಲಿನ್‌ಗಳ ಕೊನೇ ಸಾಲಿನ ನನ್ನ ಕುರ್ಚಿಯಲ್ಲಿ ಮತ್ತೆ ಕೂತೆ. ಚೆಕ್ ಸಂಗೀತಕಾರ ಡ್ವೊರ್ಜಾಕ್‌ನ 9ನೇ ಸಿಂಫನಿಯ ನಾಲ್ಕೂ ಮೂವ್‌ಮೆಂಟ್‌ಗಳನ್ನು (ಭಾಗಗಳನ್ನು) ಮೊದಲಿಂದ ಕೊನೆಯವರೆಗೆ ನುಡಿಸಿದೆ. ಮುಗಿಯುವ ಹೊತ್ತಿಗೆ ಬಲಗೈ ಕೊರಡಾಗಿತ್ತು, ಆದರೂ ಬೋ (ಕಮಾನು) ಕೆಳಗಿಡಲಿಲ್ಲ. ನನಗೆ ಏನಾಗಿತ್ತು, ಅದು ಎಲ್ಲಿಯವರೆಗೆ ಹೋಗಿತ್ತು ಅನ್ನೋದು ನಿಮ್ಮಲ್ಲಿ ಹೆಚ್ಚಿನವರಿಗೆ ಗೊತ್ತು. ಅದನ್ನಿಲ್ಲಿ ಮತ್ತೆ ಬಿಚ್ಚುವುದಿಲ್ಲ. ಯಾರ ಋಣ ನನ್ನ ಮೇಲಿದೆ ಅನ್ನುವುದನ್ನಷ್ಟೇ ಬರೆಯಬೇಕು.

ರಕ್ತ ಕೊಡಲು ಓಡಿಬಂದ ಟ್ರಂಪೆಟ್ ಹುಡುಗರು, ಸರದಿ ಹಾಕಿಕೊಂಡು ಊಟದ ಡಬ್ಬಿ ಕಳಿಸಿದ ಚೆಲ್ಲೋ ಬಳಗ, ಮಗಳ ಸ್ಕೂಲ್ ಬಸ್ಸಿಗೆ ದಿನಾ ಕಾದ ಪಕ್ಕದ ಮನೆ ಅಜ್ಜಿ, ವಿಮೆ ಕಾಗದಗಳನ್ನೆಲ್ಲ ತಾನೇ ತುಂಬಿದ ಆಫೀಸಿನ ಗೆಳತಿ, ಮೂಲೆ ಹಿಡಿದಿದ್ದ ನನ್ನ ವಯೊಲಿನ್‌ಗೆ ಹೊಸ ತಂತಿ ಕಟ್ಟಿಕೊಟ್ಟ ನಮ್ಮ ಕಂಡಕ್ಟರ್ ಸರ್, ನಿಮಗೆಲ್ಲ ಕೈಮುಗಿದು ನಮಸ್ಕಾರ.

ಇನ್ನು ಅಕ್ಕನ ವಿಷಯ.

ಅವರು ನನ್ನ ಸ್ಟ್ಯಾಂಡ್ ಪಾರ್ಟ್ನರ್. ಆರ್ಕೆಸ್ಟ್ರಾದಲ್ಲಿ ಇಬ್ಬರಿಗೆ ಒಂದೇ ಸ್ಟ್ಯಾಂಡ್, ಸ್ವರಲಿಪಿಯ ಒಂದೇ ಪ್ರತಿ. ಹೊರಬದಿಯಲ್ಲಿ ಕೂತವರು ನುಡಿಸುತ್ತಲೇ ಇರುತ್ತಾರೆ, ಒಳಬದಿಯವರು ಹಾಳೆ ತಿರುವಬೇಕು. ತಿರುವುವ ಕೆಲಸ ನನ್ನದು. ನಾನು ಚಾಮರಾಜಪೇಟೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತು, ಪಿಟೀಲಿನ ತುದಿಯನ್ನು ಬಲಗಾಲಿನ ಮೇಲೂರಿ ವರ್ಣ ಕಲಿತವಳು. ಅಕ್ಕ ದಂಡು ಪ್ರದೇಶದ ಚರ್ಚ್‌ನಲ್ಲಿ ಹಾಡುತ್ತ, ವಯೊಲಿನ್ ಗಲ್ಲಕ್ಕಿಟ್ಟುಕೊಂಡೇ ಬೆಳೆದವರು. ಪಿಟೀಲಿನ ಆಕಾರದಲ್ಲೇ ಚೌಡಯ್ಯನವರಿಗೆ ಸ್ಮಾರಕ ಭವನ ಕಟ್ಟಿದ ಊರು ಇದು; ಆದರೂ ಅದೇ ವಾದ್ಯ ಊರಿನ ಇನ್ನೊಂದು ಬದಿಯಲ್ಲಿ ಬೇರೆಯೇ ಬದುಕು ಬದುಕುತ್ತಿದೆ ಅಂತ ನನಗೆ ತಿಳಿದದ್ದು ಮೂವತ್ತೆಂಟನೇ ವಯಸ್ಸಿನಲ್ಲಿ, ಅವರಿಂದ. ಸ್ವರ ಸ್ವರಕ್ಕೂ ಬೆರಳು ಜಾರಿಸುತ್ತಿದ್ದ ನನ್ನನ್ನು ಅವರು ಒಮ್ಮೆಯೂ ಗದರಲಿಲ್ಲ. "ಗಮಕ ಮನೇಲಿ ಇಟ್ಕೊಳ್ಳಮ್ಮ, ಅದನ್ನ ಬಿಡಬೇಡ. ಇಲ್ಲಿ ಮಾತ್ರ ನೇರ ನಿಲ್ಸು" ಅಂದಿದ್ದರು.

ವಿರಾಮದ ಬಾರ್‌ಗಳನ್ನು ಎಣಿಸುವುದನ್ನು ಕಲಿಸಿದ್ದೂ ಅವರೇ. ಬಾರ್ ಅಂದರೆ ತಾಳದ ಒಂದು ಸುತ್ತು. ನಮ್ಮ ಭಾಗದವರು ಸುಮ್ಮನಿರಬೇಕಾದ ಕಡೆ ಎಷ್ಟು ಬಾರ್ ಕಳೆಯಿತು ಅಂತ ಲೆಕ್ಕ ತಪ್ಪಬಾರದು. ವನ್ ಟೂ ತ್ರೀ ಫೋರ್, ಟೂ ಟೂ ತ್ರೀ ಫೋರ್, ತ್ರೀ ಟೂ ತ್ರೀ ಫೋರ್. ಮೊದಲ ಅಂಕಿ ಬಾರ್‌ನದು, ಉಳಿದದ್ದು ತಾಳದ್ದು.

ಆಸ್ಪತ್ರೆಯ ಆ ರಾತ್ರಿ ನಮ್ಮ ಮನೆಯವರು ದುಬೈಯಿಂದ ಹೊರಟಿದ್ದರು, ಬೆಳಗಿನ ತನಕ ತಲುಪುವಂತಿರಲಿಲ್ಲ. ಅಮ್ಮನಿಗೆ ನಾವು ನಿಜ ಹೇಳಿರಲಿಲ್ಲ. ಒಬ್ಬರಿಗೆ ಮಾತ್ರ ಪಾಸ್ ಅಂದಾಗ ಅಕ್ಕ ಅದನ್ನು ತಮ್ಮ ಹೆಸರಿಗೆ ಬರೆಸಿಕೊಂಡು, ಸ್ಟೂಲ್ ಎಳೆದು ನನ್ನ ಪಕ್ಕ ಕೂತರು. ಮಧ್ಯರಾತ್ರಿ ದಾಟಿದ ಮೇಲೆ, "ಅಕ್ಕಾ, ನಾನು ಬೆಳಗ್ಗೆವರೆಗೂ ಇರ್ತೀನಾ?" ಅಂತ ಕೇಳಿದೆ. ಏನೂ ಆಗಲ್ಲ ಅಂತ ಅವರು ಹೇಳಲಿಲ್ಲ. ನನ್ನ ಮುಂಗೈ ಮೇಲೆ ನಾಲ್ಕು ಬೆರಳಿಟ್ಟು, "ಎಣಿಸು" ಅಂದರು. ಬೆರಳಿಂದ ತಟ್ಟುತ್ತ ತಾವೇ ಶುರು ಮಾಡಿದರು. ನಾನು ನಡುವೆ ಜೋಂಪು ಹತ್ತಿ ಎಚ್ಚರಾದಾಗಲೆಲ್ಲ ಲೆಕ್ಕ ಮುಂದಕ್ಕೆ ಹೋಗಿರುತ್ತಿತ್ತು. ಒಮ್ಮೆ ನೋವಿಗೆ ಅವರ ಮೇಲೇ ರೇಗಿದೆ. "ಮನೆಗೆ ಹೋಗಿ ಅಕ್ಕ, ನನಗೆ ಯಾರೂ ಬೇಡ" ಅಂದೆ. ಬೆರಳು ಒಂದು ಬಾರ್‌ನಷ್ಟು ಹೊತ್ತು ನಿಂತು, ಮತ್ತೆ ತಟ್ಟತೊಡಗಿತು. ಕಿಟಕಿ ಬೆಳ್ಳಗಾದಾಗ ಅವರ ದನಿ ಒಡೆದು ಪಿಸುಮಾತಾಗಿತ್ತು.

ಅವತ್ತು ಅಂದ ಮಾತಿಗೆ ನಾನು ಇನ್ನೂ ಕ್ಷಮೆ ಕೇಳಿಲ್ಲ. ಎದುರಿಗೆ ಬಂದರೆ ಗಂಟಲು ಕಟ್ಟುತ್ತದೆ. ಅಕ್ಕ, ಎಲ್ಲರ ಮುಂದೆ ಇಲ್ಲಿ ಕೇಳುತ್ತಿದ್ದೇನೆ, ಕ್ಷಮಿಸಿ.

ಆಮೇಲಿನ ತಿಂಗಳುಗಳಲ್ಲಿ ನನ್ನ ಕುರ್ಚಿಯಲ್ಲಿ ಬೇರೆಯವರನ್ನು ಕೂರಿಸಲು ಅವರು ಒಪ್ಪಲಿಲ್ಲವಂತೆ. ಪ್ರತಿ ಶನಿವಾರ ಒಬ್ಬರೇ ಕೂತು, ನುಡಿಸುತ್ತ, ಪುಟದ ಕೊನೆಯಲ್ಲಿ ಬೋ ಬಿಟ್ಟು ಹಾಳೆ ತಿರುವುತ್ತಿದ್ದರು. ತಿರುವುವಾಗ ಎರಡು ಬಾರ್ ಕೈತಪ್ಪುತ್ತಿತ್ತು. ಮೊದಲ ದಿನ ರಿಹರ್ಸಲ್‌ಗೆ ಹೋಗಿ ನಮ್ಮ ಪ್ರತಿ ತೆರೆದರೆ, ಪ್ರತಿ ತಿರುವಿನಲ್ಲೂ ಆ ಎರಡು ಬಾರ್‌ಗಳ ಸುತ್ತ ಪೆನ್ಸಿಲ್ ಗೆರೆ, ಮೇಲೆ ದುಂಡಗಿನ ಅಕ್ಷರದಲ್ಲಿ "ನಿಂದು". ಮನೆಯಲ್ಲಿ ತಮಿಳು ಮಾತಾಡುವ ಅಕ್ಕ ಅದನ್ನು ಕನ್ನಡದಲ್ಲಿ ಬರೆದಿದ್ದರು.

ಭಾನುವಾರ ಸಭೆಯಲ್ಲಿ ಅಮ್ಮನೂ ಇದ್ದರು. ಎರಡನೇ ಮೂವ್‌ಮೆಂಟ್‌ನ ಆ ಹೆಸರಾದ ರಾಗದ ಮೊದಲ ಸಾಲು ಕೇಳಿ, "ಮೋಹನ ಅಲ್ವೇನೇ ಇದು?" ಅಂತ ಆಮೇಲೆ ಕೇಳಿದರು. ಹೌದು, ಆ ಸಾಲಿನಲ್ಲಿರುವುದೆಲ್ಲ ಮೋಹನ ರಾಗದ ಸ್ವರಗಳೇ. ಮೂವ್‌ಮೆಂಟ್ ಮುಗಿಯುವ ಹತ್ತಿರ ಅದೇ ರಾಗ ಮುಂದಿನ ಸಾಲಿನ ಕೆಲವರ ಕೈಯಲ್ಲಿ ಮಾತ್ರ ಉಳಿದು, ತುಂಡಾಗಿ ತುಂಡಾಗಿ ನಿಲ್ಲುತ್ತದೆ. ಹಿಂದಿನ ಸಾಲಿನ ನಾವು ಬೋ ತೊಡೆಯ ಮೇಲಿಟ್ಟು ಕೂತಿರುತ್ತೇವೆ. ಆ ಮೌನಗಳಿಗೆ ಎಣಿಕೆ ಇಲ್ಲ, ಕಂಡಕ್ಟರ್ ಕೈ ಅಲುಗುವವರೆಗೆ ಕಾಯಬೇಕು ಅಷ್ಟೆ. ಅಲ್ಲಿ ಆ ರಾತ್ರಿಯೆಲ್ಲ ನನ್ನ ಮೇಲೆ ಬಂದುಬಿಟ್ಟಿತು. ಪ್ರತಿಯ ಮೇಲಿನ ಗೆರೆಗಳು ಕಾಣದಾದವು. ಅಕ್ಕ ನನ್ನ ಕಡೆ ತಿರುಗದೆ, ಮೊಣಕೈಯನ್ನು ಮೆಲ್ಲಗೆ ನನ್ನ ಮೊಣಕೈಗೆ ತಾಗಿಸಿದರು.

ನಾಲ್ಕನೇ ಮೂವ್‌ಮೆಂಟ್‌ನ ಮೊದಲ ತಿರುವು ಬಂತು. ಅಭ್ಯಾಸಬಲದಿಂದ ನಾನು ಬೋ ಇಳಿಸಿದೆ. ಅಷ್ಟರಲ್ಲಿ ಅಕ್ಕನ ಕೈ ನನ್ನ ಮುಂದಿನಿಂದ ಹಾದು ಹಾಳೆಯ ಮೂಲೆ ಹಿಡಿದಿತ್ತು. "ನುಡಿಸು" ಅಂದರು. ಆ ಎರಡು ಬಾರ್ ನಾನೇ ನುಡಿಸಿದೆ.